ಒಡೆಯದ ಮೇಲಿನ ಸ್ವರ

ಮಗಳೇ,

ನೀನಿನ್ನೂ ಸ್ನಾನದಲ್ಲಿದ್ದೀಯ, ನನಗೆ ಹೊತ್ತಾಯಿತು. ಹೊಲಿದ ಬಟ್ಟೆ ಕೊಡಲು ಅಂಗಡಿಗೆ ಹೊರಟಿದ್ದೇನೆ. ಫ್ಲಾಸ್ಕಿನಲ್ಲಿ ಬಿಸಿನೀರಿದೆ, ಕುಡಿ. ಸಂಜೆ ಕಾಲೇಜಿನಲ್ಲಿ ಹಾಡಿನ ಪರೀಕ್ಷೆ ಮುಗಿಯುವ ತನಕ ಫೋನಿನಲ್ಲಿ ಹರಟೆ ಬೇಡ. ಮೂರು ವರ್ಷದಿಂದ ನಿನ್ನ ಆ ಗಂಟಲಿನ ಕಾಟ ಸಹಿಸಿಕೊಂಡವಳು ನಾನು.

ನಿನ್ನೆ ಮೇಲಿನ ಸ್ವರ ಒಡೆಯಿತು ಅಂತ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನೀನು ಅತ್ತೆಯಲ್ಲ, ಕೇಳಿಸಿತು. "ಜೋರು ಮಾಡ್ಬೇಡ, ಉಸಿರು ಬಿಡು, ಅದೇ ಬರುತ್ತೆ" ಅಂತ ನಿಮ್ಮ ಸಂಗೀತದ ಮೇಡಂ ಹೇಳುತ್ತಲೇ ಇದ್ದರು. ಇವತ್ತು ಬೆಳಿಗ್ಗೆ ನೀನು ಪಾತ್ರೆ ತೊಳೆಯುತ್ತಾ ಹಾಡಿನ ಅದೇ ಸಾಲನ್ನು ಮೆಲ್ಲಗೆ ಹಾಡಿಕೊಂಡೆ. ಸ್ವರ ಒಡೆಯಲಿಲ್ಲ. ನಿನಗೆ ಗೊತ್ತೇ ಆಗಲಿಲ್ಲ. ನಾನು ಹೊಲಿಗೆ ಮಷಿನ್ ನಿಲ್ಲಿಸಿ ಕೇಳಿಸಿಕೊಂಡೆ.

ಪರೀಕ್ಷೆಗೆ ಬರಬೇಡ ಅಂದಿದ್ದೀಯ, ಆದರೂ ಬರುತ್ತೇನೆ. ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಅಳು ಬಂದರೆ ಎದ್ದು ಹೊರಗೆ ಹೋಗುತ್ತೇನೆ, ನೀನು ಹಾಡಿ ಮುಗಿಸಿದ ಮೇಲೆ.

ಅಮ್ಮ