ಒಳಮೂಲೆಯ ದುಂಡು

ಗೌರಿಬಿದನೂರು
ಭಾನುವಾರ, 24 ಆಗಸ್ಟ್ 2025

ಸಿದ್ಧಾರ್ಥ್ ಅವರಿಗೆ ತನುಜಳ ವಂದನೆಗಳು.

ಈ ಕಾಗದವನ್ನು ನನ್ನ ಸೋದರಮಾವ, ಕೋನಪ್ಪ ಮಾವ ನಿಮ್ಮ ಕೈಗೇ ಕೊಡುತ್ತಾರೆ. ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡಿ. ಮೈತ್ರಿಯನ್ನು ಕಳಿಸಿಕೊಡಿ ಎಂದು ಕೇಳಲು ಬರೆಯುತ್ತಿಲ್ಲ, ಕೋರ್ಟಿನ ವಿಷಯವೂ ಇದರಲ್ಲಿಲ್ಲ. ನೀವು ಪಾಠ ಹೇಳುವ, ನಮ್ಮ ಮಗಳು ಓದುವ ಆ ಮೇಲೂರಿನ ಶಾಲೆಯ ಅಂಗಳದಲ್ಲಿ ಒಂದು ಉಯ್ಯಾಲೆ ಇದೆ. ನಾಳೆ ಮಕ್ಕಳು ಬರುವ ಮೊದಲು ಅದನ್ನು ಬಿಚ್ಚಿಸಿ. ಓದುವುದನ್ನು ಇಲ್ಲಿಗೇ ನಿಲ್ಲಿಸಿದರೂ ಸರಿ, ಅದೊಂದು ಕೆಲಸ ಮಾಡಿ.

ಕಾರಣ ಹೇಳುತ್ತೇನೆ.

ಈ ಬೇಸಿಗೆಯಲ್ಲಿ ನಮ್ಮ ಕಾರ್ಖಾನೆಯಲ್ಲಿ ಶಾಲೆಗಳಿಗೆಂದು ಹನ್ನೆರಡು ಉಯ್ಯಾಲೆ ಮಾಡಿದೆವು. ಮೇಲಿನ ಕಬ್ಬಿಣದ ತೊಲೆಗೆ ಸರಪಳಿಯನ್ನು ಹಿಡಿದಿಡುವುದು ಅಂಗೈ ಅಗಲದ ಉಕ್ಕಿನ ಪ್ಲೇಟು, ಎಲ್ ಅಕ್ಷರದ ಆಕಾರದ್ದು. ನಮ್ಮ ಮಾಲೀಕ ನಲ್ಲಪ್ಪನವರು ಹಳೆಯ ಪ್ಲೇಟೊಂದನ್ನು ಮಾದರಿಗೆ ತಂದುಕೊಟ್ಟರು. ಅದನ್ನು ಸ್ಕ್ಯಾನ್ ಮಾಡಿ ಅಂಚನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿ ತೆಗೆದೆ. ಹಾಗೆ ತೆಗೆದ ಗೆರೆಯಲ್ಲಿ ಮುನ್ನೂರು ನಾನೂರು ಚುಕ್ಕೆಗಳಿರುತ್ತವೆ, ನಡುಗುವ ಕೈಯಲ್ಲಿ ಬರೆದ ಹಾಗೆ. ಉಕ್ಕು ಕತ್ತರಿಸುವ ಲೇಸರ್ ಮಷೀನು ಒಂದೊಂದು ಚುಕ್ಕೆಗೂ ತಡವರಿಸಿ ಅಂಚನ್ನು ಸುಡುತ್ತದೆ. ಅದಕ್ಕೇ ನಕ್ಷೆ ಬರೆಯುವ ಕ್ಯಾಡ್ ಸಾಫ್ಟ್‌ವೇರಿನಲ್ಲಿ ಗೆರೆಯನ್ನು ಸರಳ ಮಾಡುವ ಒಂದು ಕಮ್ಯಾಂಡ್ ಇದೆ. ಮೂಲ ಗೆರೆಯಿಂದ ಎಷ್ಟು ಸರಿದರೆ ಪರವಾಗಿಲ್ಲ ಎಂದು ಅದಕ್ಕೊಂದು ಅಂಕಿ ಕೊಡಬೇಕು. ಕೂದಲೆಳೆಯಷ್ಟು ಕೊಟ್ಟಿದ್ದರೆ ಸಾಕಿತ್ತು. ನಾನು ಮೂರು ಮಿಲಿಮೀಟರ್ ಕೊಟ್ಟೆ. ಒಂದೇ ಸಲಕ್ಕೆ ಚುಕ್ಕೆಗಳೆಲ್ಲ ಉದುರಿ ಆರೇ ಆರು ಉಳಿದವು. ನಲ್ಲಪ್ಪನವರು ಹಿಂದೆ ನಿಂತು, “ಎಷ್ಟು ನೀಟಾಗಿ ಬಂತಮ್ಮ! ಹಿಂಗೇ ಓಡ್ಸು” ಅಂದರು.

ಹಳೆಯ ಪ್ಲೇಟಿನ ಒಳಮೂಲೆಯಲ್ಲಿ ಕಿರುಬೆರಳ ತುದಿಯಷ್ಟು ದುಂಡು ಇತ್ತು. ಅದೂ ಚುಕ್ಕೆಗಳ ಜೊತೆಗೇ ಹೋಗಿ ಮೂಲೆ ಚೂಪಾಗಿತ್ತು. ಒಳಮೂಲೆ ಚೂಪಾದರೆ ಎಳೆತವೆಲ್ಲ ಅಲ್ಲಿಗೇ ಬಂದು ಸೇರುತ್ತದೆ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಡಿಪ್ಲೊಮಾ ಎರಡನೇ ವರ್ಷದಲ್ಲೇ ಇದನ್ನು ಓದಿದ್ದೆ. ಆದರೆ ನಾನು ಆ ಗೆರೆ ಸರಳ ಮಾಡಿದ್ದು ನೀವು ಬಂದು ಮೈತ್ರಿಯನ್ನು ಕರೆದುಕೊಂಡು ಹೋದ ಮಾರನೇ ದಿನ. ನೆಪ ಹೇಳುತ್ತಿಲ್ಲ. ಅವತ್ತು ಪರದೆಯ ಮೇಲೆ ಏನಿತ್ತೋ ನಾನು ನೋಡಲೇ ಇಲ್ಲ.

ಹೋದ ಸೋಮವಾರ ಮಂಚೇನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಉಯ್ಯಾಲೆಯ ಒಂದು ಬದಿ ಕಳಚಿತು. ಯಾಮಿನಿ ಅಂತ, ಮೂರನೇ ತರಗತಿಯ ಮಗು, ಹಾರಿಹೋಗಿ ಕಂಬಕ್ಕೆ ಬಡಿದಿದೆ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಿ ನೋಡಿದೆ. ಕಣ್ಣು ಬಿಟ್ಟಿದ್ದಾಳೆ, ಆದರೆ ತಾಯಿ ಕರೆದರೆ ತಿರುಗುವುದಿಲ್ಲ. ಆ ತಾಯಿ ನನ್ನನ್ನು ಶಾಲೆಯ ಟೀಚರು ಅಂದುಕೊಂಡು, “ನಿಂತೇ ಇದೀಯಲ್ಲಮ್ಮ, ಕೂತ್ಕೋ” ಅಂತ ತಾನು ಕೂತಿದ್ದ ಸ್ಟೂಲನ್ನು ನನ್ನ ಕಡೆ ತಳ್ಳಿದಳು. ಕೂತೆ. ಯಾರು ಅಂತ ಹೇಳಲಿಲ್ಲ.

ನಮ್ಮ ಫಿಟ್ಟರ್ ಮೋಹನ್‌ಬಾಬು ಮುರಿದ ಪ್ಲೇಟಿನ ಎರಡು ತುಂಡು ತಂದು ನನ್ನ ಮೇಜಿನ ಮೇಲಿಟ್ಟ. ಬಿರುಕು ಒಳಮೂಲೆಯಿಂದ ಗೆರೆ ಎಳೆದ ಹಾಗೆ ಹೋಗಿತ್ತು. ನಲ್ಲಪ್ಪನವರಿಗೆ ತೋರಿಸಿದೆ. ಅವರು ಬಾಗಿಲು ಹಾಕಿ ಬಂದು, “ಸರಪಳಿ ತುಕ್ಕು ಹಿಡಿದಿತ್ತು ಅಂತ ಬರ್ಕೊಟ್ಟಾಗಿದೆ. ಆ ಫೈಲು ಅಳಿಸಾಕಮ್ಮ. ಅದ್ರಲ್ಲಿರೋದು ನಿನ್ನ ಹೆಸ್ರು, ನಂದಲ್ಲ” ಅಂದರು. ಗದರಲಿಲ್ಲ, ಮಗಳಿಗೆ ಹೇಳಿದ ಹಾಗೆ ಮೆಲ್ಲಗೆ ಹೇಳಿದರು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ನಾನು ಅಳಿಸಲಿಲ್ಲ. ಬುಧವಾರದಿಂದ ಮೋಹನ್‌ಬಾಬು ಮತ್ತು ನಾನು ಅವನ ಬೈಕಿನಲ್ಲಿ ಸ್ಪ್ಯಾನರು ಇಟ್ಟುಕೊಂಡು ಊರೂರು ತಿರುಗಿದೆವು. ಕಂಪನಿಯಿಂದ ಚೆಕಿಂಗ್ ಅಂದೆವು, ಎಲ್ಲರೂ ಒಳಗೆ ಬಿಟ್ಟರು. ಹತ್ತು ಉಯ್ಯಾಲೆ ಬಿಚ್ಚಿದ್ದೇವೆ. ನಾಲ್ಕರಲ್ಲಿ ಬಿರುಕು ಆಗಲೇ ಶುರುವಾಗಿತ್ತು. ಚಿಂತಾಮಣಿ ಕಡೆಯ ಒಂದು ಪ್ಲೇಟನ್ನು ಮೋಹನ್‌ಬಾಬು ಬರಿಗೈಯಲ್ಲಿ ಒತ್ತಿದ, ಎರಡಾಯಿತು. ಅಲ್ಲೇ ಪಕ್ಕದಲ್ಲಿ ಮಕ್ಕಳು, “ಅಣ್ಣಾ, ಬೇಗ ಹಾಕೊಡಣ್ಣ” ಅಂತ ಸಾಲುಗಟ್ಟಿ ನಿಂತಿದ್ದವು.

ಉಳಿದಿರುವುದು ನಿಮ್ಮದೊಂದೇ. ನಿನ್ನೆ ಬಂದಿದ್ದೆವು. ಹೆಡ್ಮಿಸ್ ವರಲಕ್ಷ್ಮಮ್ಮನವರು ಗೇಟಿನಲ್ಲೇ ತಡೆದರು. “ಏಪ್ರಿಲ್‌ನಲ್ಲಿ ಏನಂತ ಹೇಳಿದ್ರಿ? ನಿಮ್ಮಮ್ಮ ಸೀರಿಯಸ್ಸು ಅಂದ್ರಿ, ಮಗೂನ ಕರ್ಕೊಂಡು ಹೋದ್ರಿ. ಆಮೇಲೆ ಸಿದ್ಧಾರ್ಥ್ ಸಾರು ನನ್ನ ಮುಂದೆ ಕಣ್ಣೀರು ಹಾಕಿದ್ದು ನೀವು ನೋಡಿಲ್ಲ. ಈಗ ಉಯ್ಯಾಲೆ ಕಥೆ ತಂದಿದೀರ. ಅವರು ಹೇಳ್ಲಿ, ಬಿಚ್ಚಿಸ್ತೀನಿ.” ನಾನು ಮುರಿದ ತುಂಡು ತೋರಿಸಿದೆ. ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ ಅವರು. ಅವರನ್ನು ದೂರುವುದಿಲ್ಲ. ಅಮ್ಮ ಅವತ್ತು ಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು. ನಾನು ಹೇಳಿದ್ದು ಸುಳ್ಳೇ.

ನನ್ನ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಿ. ಮೋಹನ್‌ಬಾಬು ಫೋನಿನಿಂದ ಮಾಡಿದೆ, ನನ್ನ ದನಿ ಕೇಳುತ್ತಲೇ ಇಟ್ಟುಬಿಟ್ಟಿರಿ. ಅದಕ್ಕೇ ಈ ಕಾಗದ. ನನ್ನನ್ನು ನಂಬಬೇಡಿ, ಏಣಿ ಹಾಕಿ ನೀವೇ ಹತ್ತಿ ನೋಡಿ. ತೊಲೆಯ ಕೆಳಗೆ ಎರಡು ಪ್ಲೇಟುಗಳಿವೆ, ಒಳಮೂಲೆಯ ಮೇಲೆ ಬೆರಳಾಡಿಸಿ. ಬಿರುಕು ಕಾಣದಿದ್ದರೂ ಬಿಚ್ಚಿ ಮಾವನ ಕೈಗೆ ಕೊಡಿ. ನಾಳೆ ಬೆಳಗ್ಗೆ ನಾನು ಸ್ಕ್ಯಾನಿನ ಹಳೆಯ ಫೈಲು, ಸರಳ ಮಾಡಿದ ಹೊಸ ಫೈಲು, ಎಲ್ಲ ಪ್ಲೇಟುಗಳನ್ನೂ ತೆಗೆದುಕೊಂಡು ಪೊಲೀಸ್ ಠಾಣೆಗೆ ಹೋಗುತ್ತೇನೆ. ಆಮೇಲೆ ಕೋರ್ಟಿನಲ್ಲಿ ಮೈತ್ರಿ ನಿಮ್ಮ ಕಡೆಗೇ ಆಗುತ್ತಾಳೆ ಎಂಬುದು ಗೊತ್ತಿದೆ. ಗೊತ್ತಿದ್ದೇ ಹೋಗುತ್ತಿದ್ದೇನೆ.

ಬೆಳಗ್ಗೆಯಿಂದ ಗಾಳಿ ಜೋರಾಗಿದೆ. ಯಾರೂ ಕೂರದಿದ್ದರೂ ಅದು ತೂಗಾಡುತ್ತಿರುತ್ತದೆ ಅನ್ನಿಸಿ ಕೂತಲ್ಲಿ ಕೂರಲಾಗುತ್ತಿಲ್ಲ.

ಇತಿ,
ತನುಜ

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರಲಿಲ್ಲ. ಜೂನ್ ಕೊನೆಯಲ್ಲೇ ಮೋಹನ್‌ಬಾಬು ಬಿರುಕು ಬಿಟ್ಟ ಪ್ಲೇಟೊಂದನ್ನು ತಂದಿದ್ದ. ಬೋಲ್ಟು ಬಿಗಿಮಾಡಲು ಹೋದಾಗ ಕಂಡಿತಂತೆ. ನಿಮ್ಮ ಶಾಲೆಯದೇ. ಒಳಮೂಲೆ ನೋಡಿದೆ, ನನಗೆ ತಿಳಿಯಿತು. ಆದರೂ ಉಕ್ಕು ಸರಿಯಿಲ್ಲ ಎಂದು ಹೇಳಿ, ಅದೇ ರಾಶಿಯಿಂದ ಇನ್ನೊಂದು ತೆಗೆದುಕೊಟ್ಟು ಕಳಿಸಿದೆ. ಆಗಿನ್ನೂ ಮೈತ್ರಿ ಭಾನುವಾರಗಳಲ್ಲಿ ನಿಮ್ಮಮ್ಮನ ಫೋನಿನಿಂದ ಮಾತಾಡುತ್ತಿದ್ದಳಲ್ಲ, ಆ ವಾರ ಅವಳಿಗೆ ಮಾತ್ರ ಹೇಳಿದೆ, ಆ ಉಯ್ಯಾಲೆ ಮೇಲೆ ನೀನು ಕೂರಬೇಡ ಕಣಮ್ಮ, ಅಂತ. “ಮಿಕ್ಕೋರು ಕೂತ್ಕೋಬೋದಾ ಅಮ್ಮ?” ಅಂತ ಕೇಳಿದಳು. ನಾನು ಫೋನ್ ಇಟ್ಟುಬಿಟ್ಟೆ.