ಕುತ್ತಿಗೆ ಎಂದು ಬರೆದ ವರದಿಗಳು

ಮತ್ಸುಯೆ
ನವೆಂಬರ್ ೯

ಪ್ರೀತಿಯ ಮುತ್ಸುಕೋ,

ಪರ್ಸಿಮನ್ ಹಣ್ಣು ಕಳಿಸಿ ತಿಂಗಳಾಯಿತು, ಇವಳು ಉಸಿರೇ ಎತ್ತಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಹಣ್ಣು ಮೂರೇ ದಿನಕ್ಕೆ ಮುಗಿಯಿತು, ಕಾಗದ ಮಾತ್ರ ಮುಗಿಯಲಿಲ್ಲ.

ನಮ್ಮ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂದಿದೆ. ಸ್ನಾಯುವಿಗೆ ಸೂಜಿ ಚುಚ್ಚಿ ನಾವು ತೆಗೆಯುವ ಅಲೆಗಳನ್ನು ನೋಡಿ, ಇದು ಇಂಥ ರೋಗವಿರಬಹುದು ಎಂದು ವೈದ್ಯರಿಗೆ ಸೂಚಿಸುತ್ತದೆ. ಕಿರಿಯರಿಗೆಲ್ಲ ಅದೆಂದರೆ ಪ್ರಾಣ. ನನಗೆ ಮೊದಲ ದಿನದಿಂದಲೂ ಗುಮಾನಿ. ಯಾರೋ ಹೇಳಿಕೊಟ್ಟ ಹಾಗೆ ಮಾತಾಡುತ್ತದೆ ಕಣೇ. ಕೆಟ್ಟ ಸುದ್ದಿ ಅದರ ಬಾಯಲ್ಲಿ ಬರುವುದೇ ಇಲ್ಲ.

ಕಳೆದ ವಾರ ತಾತಾಮಿ ಚಾಪೆ ಹೊಲಿಯುವ ಒಕಾಬೆ ಎಂಬಾತ ಬಂದಿದ್ದ. ಹೆಬ್ಬೆರಳಿನ ಬುಡ ಬತ್ತಿದೆ, ನಾಲಿಗೆ ಅದುರುತ್ತಿದೆ. ಕುತ್ತಿಗೆ ಸವೆದರೆ ನಾಲಿಗೆ ಅದುರುವುದಿಲ್ಲ. ಸಾಫ್ಟ್‌ವೇರ್ ಮಾತ್ರ ಕುತ್ತಿಗೆಯ ಮೂಳೆ ಸವೆತ ಎಂದಿತು. ಗುರುವಾರಕ್ಕೆ ಕುತ್ತಿಗೆಯ ಆಪರೇಷನ್ನೂ ನಿಗದಿಯಾಯಿತು.

ಆ ಸಾಫ್ಟ್‌ವೇರ್ ತಯಾರಿಸಿದ ಕುರಾತನನ್ನು ಹಿಡಿದು ಕೇಳಿದೆ: "ಇದಕ್ಕೆ ಪಾಠ ಹೇಳಿದ್ದು ಯಾರಪ್ಪಾ?"

"ನೀವೇ ಡಾಕ್ಟ್ರೇ! ಇಪ್ಪತ್ತೈದು ವರ್ಷದ ಇಲ್ಲಿನ ವರದಿಗಳನ್ನೇ ಓದ್ಸಿದೀವಿ. ನಿಮ್ಮ ಸಹಿ ಇರೋವೇ ಜಾಸ್ತಿ."

"ಬರೀ ಕಾಗದಾನಾ?"

"ಇನ್ನೇನು ಗೋಡೇನ ಓದ್ಸಕ್ಕಾಗತ್ತಾ?"

ಗೋಡೆಯನ್ನೇ ಓದಿಸಬೇಕಿತ್ತು. ನಾಲಿಗೆ ಅದುರಿಸಿ ಸ್ನಾಯುಗಳನ್ನೆಲ್ಲ ಒಂದೊಂದಾಗಿ ಒಣಗಿಸುವ, ವಾಸಿಯಾಗದ ರೋಗವೊಂದಿದೆ; ಆಗೆಲ್ಲ ಅದರ ಹೆಸರನ್ನು ನಾವು ಬರೆಯುತ್ತಲೇ ಇರಲಿಲ್ಲ. ರೋಗಿ ಕಣ್ಣು ಹಾಯಿಸಿದರೆ ಎದೆಯೊಡೆದುಕೊಂಡಾನು ಎಂದು 'ಕುತ್ತಿಗೆ' ಎಂದು ಗೀಚಿ, ಮನೆಯವರನ್ನು ಕಾರಿಡಾರಿಗೆ ಕರೆದು ನಿಜ ಹೇಳುತ್ತಿದ್ದೆವು. ಅಲ್ಲಿ ಆಡಿದ ಮಾತು ಯಾವ ಕಾಗದದಲ್ಲೂ ಇಲ್ಲ. ನಮ್ಮ ಸುಳ್ಳನ್ನೆಲ್ಲ ಸಾಫ್ಟ್‌ವೇರ್ ನಿಜವೆಂದೇ ಕಲಿತುಬಿಟ್ಟಿದೆ.

ಜಗಳವಾಡಿ ಆಪರೇಷನ್ ನಿಲ್ಲಿಸಿದೆ. ಒಕಾಬೆಯನ್ನು ಎದುರು ಕೂರಿಸಿಕೊಂಡು ರೋಗದ ಹೆಸರು ಹಿಡಿದೇ ಹೇಳಿದೆ. ಅವನು ಹೆಬ್ಬೆರಳು ಸವರಿಕೊಂಡು, "ಹಂಗಾದ್ರೆ ಕೈ ಆಡೋವಾಗ್ಲೇ ಈ ವರ್ಷ ಮಗಳ ಮನೆಗೆ ಚಾಪೆ ಹೊಲೀಬೋದಲ್ವಾ?" ಎಂದ. ಹೊಲಿಯಬಹುದು ಎಂದೆ.

ಚಳಿ ಶುರುವಾಗಿದೆ, ಮಂಡಿ ಬೆಚ್ಚಗಿಟ್ಟುಕೋ. ನಿನಗೂ ಮೊಮ್ಮಗಳಿಗೂ ಒಳ್ಳೆಯದಾಗಲಿ.

ನಿನ್ನ
ಚಿಜುರು

ತಾ.ಕ.: ಸಹಿ ಹಾಕಿದ ಮೇಲೂ ಏಳಲಾಗಲಿಲ್ಲ. ಆ ವರದಿಗಳಲ್ಲಿ ನಿನ್ನ ಗಂಡ ತೇಯಿಜೋನದೂ ಇದೆ. ಅವನಿಗೂ 'ಕುತ್ತಿಗೆ' ಎಂದೇ ಬರೆದಿದ್ದೆ. ಬೇರೆ ಎಲ್ಲರ ಮನೆಯವರಿಗೂ ಕಾರಿಡಾರಿನಲ್ಲಿ ನಿಜ ಹೇಳಿದೆ. ನೀನು ಬಂದು ನನ್ನ ಕೈ ಹಿಡಿದು, "ಕುತ್ತಿಗೆ ತಾನೇ? ಬದುಕ್ದೆ ಕಣೇ!" ಎಂದು ನಕ್ಕುಬಿಟ್ಟೆ. ನಾನೂ ಹೌದೆಂದು ತಲೆಯಾಡಿಸಿದೆ. ಅವನು ಓಡಾಡಬಹುದಾಗಿದ್ದ ಕೊನೆಯ ವರ್ಷವೆಲ್ಲ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮಲಗುವುದರಲ್ಲೇ ಹೋಯಿತು. ಪಾಪ, ಡಾಕ್ಟರಿಗೂ ಗೊತ್ತಾಗಲಿಲ್ಲ ಎಂದು ನೀನು ಇಂದಿಗೂ ಎಲ್ಲರ ಮುಂದೆ ನನ್ನ ಪರ ವಹಿಸುತ್ತೀಯ. ನನಗೆ ಗೊತ್ತಿತ್ತು, ಮುತ್ಸುಕೋ.