ದೇವಿ ಇಲ್ಲವೆಂದು ಸಾಬೀತಾದ ಮೇಲೆ

೨ ಫೆಬ್ರುವರಿ ೧೯೯೯, ಮಂಗಳವಾರ. ಕುಲಗೋಡ

ಇವತ್ತೂ ಅಂಗಡಿ ಬಿಟ್ಟು ಅಲ್ಲವ್ವನ ಕಟ್ಟೆಯ ಬಳಿ ಕೂತೆ. ಮಂಗಳವಾರ ಆಕೆಯ ಮೈಮೇಲೆ ದೇವಿ ಬರುತ್ತಾಳಂತೆ. ಎದುರು ಕೂತವರ ನೋವು ತನ್ನ ಮೈಯಲ್ಲೇ ಏಳುತ್ತದಂತೆ. ತುಕ್ಕಾನಟ್ಟಿಯ ಹೆಂಗಸೊಬ್ಬಳು ಬಾಯಿ ತೆರೆಯುವ ಮೊದಲೇ, "ಸೊಸಿ ಜೋಡಿ ಮಾತಿಲ್ಲ, ಹೌದಲ್ಲ?" ಎಂದಳು. ಜನ ಕೈ ಮುಗಿದರು.

ನಾನು ಕಂಡದ್ದು ಬೇರೆ. ಆ ಹೆಂಗಸು ಸೊಸೆಯನ್ನು ದೂರ ಕೂರಿಸಿ ಬಂದಿದ್ದಳು, ಒಮ್ಮೆಯೂ ಅತ್ತ ತಿರುಗಲಿಲ್ಲ. ಅಲ್ಲವ್ವ ಅದನ್ನು ನೋಡಿದಳು. ಅಷ್ಟೆ. ಪವಾಡಗಳ ಗುಟ್ಟು ಬಯಲು ಮಾಡುವ, ನಿಪ್ಪಾಣಿಯಿಂದ ತಂದ ಮರಾಠಿ ಪುಸ್ತಿಕೆಯಲ್ಲಿ ಇದೇ ಇದೆ.

ಅಲ್ಲವ್ವನ ಗಂಡ ಸಾತಪ್ಪ ಭಂಡಾರದ, ಅಂದರೆ ದೇವಿಯ ಅರಿಶಿನದ, ಬಟ್ಟಲು ಹಿಡಿದು ನಿಂತಿದ್ದ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹುಲಿ, ಇಲ್ಲಿ ಬೆಕ್ಕು.

೫ ಫೆಬ್ರುವರಿ

ಅಲ್ಲವ್ವನನ್ನು ನೇರ ಕೇಳಿಬಿಟ್ಟೆ. "ಖರೆ ಹೇಳ್ರಿ ಅಕ್ಕಾ, ಹೆಂಗ ತಿಳೀತೈತಿ?"

ಜೋಳ ಹಸನು ಮಾಡುತ್ತಿದ್ದಳು. ನಕ್ಕಳು. "ಮದಿವಿ ಆಗಿ ಬಂದಾಗಿಂದ ಇದ ಕೆಲಸ ತಮ್ಮಾ. ಅವ ಬಾಗಲದಾಗ ಹೆಂಗ ನಿಂತಾನ, ಎಲಿ ಹೆಂಗ ಅಗೀತಾನ ಅನ್ನೂದ ನೋಡಿ ಇವತ್ತ ಹೊಡತ ಐತೋ ಇಲ್ಲೋ ತಿಳಕೋಬೇಕಿತ್ತು. ಅವನ ಮ್ಯಾಲೆ ಕಲ್ತದ್ದು ಎಲ್ಲಾರ ಮ್ಯಾಲೂ ನಡೀತೈತಿ."

"ಈಗ ಹೊಡಿಯಾಂಗಿಲ್ಲೇನ್ರಿ?"

"ಮೈಮ್ಯಾಲೆ ಅವ್ವ ಬರೂ ಹೆಂಗಸಿಗೆ ಯಾರ ಕೈ ಎತ್ತತಾರ?"

ಇದಕ್ಕಿಂತ ಬೇರೆ ಪುರಾವೆ ಬೇಕೆ! ಪವಾಡವಲ್ಲ — ಭಯದಿಂದ ಹರಿತವಾದ ಗಮನ. ಪುಸ್ತಿಕೆಗಿಂತ ಚೆನ್ನಾಗಿ ಹೇಳಿದಳು. ಊರಿಗೆ ತೋರಿಸಲೇಬೇಕು.

೯ ಫೆಬ್ರುವರಿ, ಮಂಗಳವಾರ

ಗೆದ್ದೆ.

ಕಟ್ಟೆಗೆ ಅಡ್ಡ ಚಾದರ ಕಟ್ಟಿಸಿದೆ. ಆಚೆ ಕೂತವರು ಮಾತಾಡುವಂತಿಲ್ಲ; ಅಲ್ಲವ್ವ ಕಾಣದೆಯೇ ಅವರ ನೋವು ಹೇಳಬೇಕು. "ಬ್ಯಾಡ ತಮ್ಮಾ" ಎಂದಳು ಅಲ್ಲವ್ವ, ನನಗಷ್ಟೇ ಕೇಳುವಂತೆ. "ಅಂಜಾಕತ್ತಾರ ನೋಡ್ರಿ!" ಎಂದು ಕೂಗಿದೆ. ಆಮೇಲೆ ಜನರೇ ಬಿಡಲಿಲ್ಲ.

ಬೀರಸಿದ್ದಪ್ಪನನ್ನು ಆಚೆ ಕೂರಿಸಿದೆ. ಹೋದ ವಾರ ಮಗನನ್ನು ಮಣ್ಣು ಮಾಡಿದವನು. ಅಲ್ಲವ್ವ ಚಾದರದ ಕಡೆ ಕಿವಿಯಿಟ್ಟಳು. ಕೊನೆಗೆ, "ಮನ್ಯಾಗ ಮದಿವಿ ಕೂಡಿ ಬರತೈತಿ" ಎಂದಳು.

ಚಾದರ ಎಳೆದೆ. ಯಾರೂ ನಗಲಿಲ್ಲ. ಬೀರಸಿದ್ದಪ್ಪ ಎದ್ದು ಹೋದ. ಸಾತಪ್ಪ ಬಟ್ಟಲು ಕೆಳಗಿಟ್ಟ.

೨೦ ಫೆಬ್ರುವರಿ

ಅಲ್ಲವ್ವನ ಮುಂಗೈ ಮುರಿದಿದೆ. ಗೋಕಾಕಿಗೆ ಒಯ್ದು ಪ್ಲಾಸ್ಟರ್ ಹಾಕಿಸಿದ್ದಾರೆ.

ಸಾತಪ್ಪನನ್ನು ರಸ್ತೆಯಲ್ಲೇ ನಿಲ್ಲಿಸಿದೆ. "ಯಾಕ ಹೊಡದಿ?"

"ನೀವ ಹೇಳಿದ್ರೆಲ್ರಿ ಸಾವಕಾರ್ರ, ಆಕಿ ಒಳಗ ದೇವಿ ಇಲ್ಲಂತ! ಇಷ್ಟ ವರ್ಷ ಸುಮ್ನ ಅಂಜಿಸಿ ಇಟ್ಟಿದ್ಲು ನನಗ."

ಬಾಜೂ ನಿಂತವರು ನಕ್ಕರು.

೨೨ ಫೆಬ್ರುವರಿ

ಕಂಪ್ಲೇಂಟ್ ಕೊಡೋಣ ಎಂದೆ. ಅಲ್ಲವ್ವ ಮುಖ ಎತ್ತಲಿಲ್ಲ. "ಕೊಟ್ಟ ಮ್ಯಾಲೆ ಸಂಜಿಕ ಯಾವ ಮನಿಗೆ ಹೋಗ್ಲಿ?" ತವರಿನಲ್ಲಿ ಯಾರೂ ಉಳಿದಿಲ್ಲ. ನಮ್ಮ ಮನೆಗೆ ಬನ್ನಿ ಎಂದೆ. "ಹುಚ್ಚ ಅದೀ. ಹಂಗ ಬಂದ್ರ ಕೊಂದ ಬಿಡತಾನ."

ಮನೆಯಲ್ಲಿ ನನ್ನ ಹೆತ್ತವ್ವ: "ಎಲ್ಲಾರ ಮುಂದ ಆಕಿ ಕಾಲಿಗೆ ಬೀಳು. ನೀ ಬಿದ್ರ ಊರು ನಂಬತೈತಿ. ಊರು ನಂಬಿದ್ರ ಅವನೂ ಅಂಜತಾನ."

"ಅದು ಸುಳ್ಳವ್ವಾ."

"ಮುರದ ಮುಂಗೈ ಖರೆ ಐತಿ."

೨ ಮಾರ್ಚ್, ಮಂಗಳವಾರ

ಹೋದೆ. ಕಾಯಿ ಒಡೆಸಿದೆ. "ಕನಸಿನ್ಯಾಗ ದೇವಿ ಬಂದಿದ್ಲು, ನಂದ ತಪ್ಪಾತು" ಎಂದೆ, ಕೊನೆಯ ಸಾಲಿಗೂ ಕೇಳುವಂತೆ. ಉದ್ದಕ್ಕೆ ಅಡ್ಡ ಬಿದ್ದೆ. ಪಕ್ಕದಲ್ಲಿ ಇನ್ನೊಂದು ಮೈ ಬಿತ್ತು — ಸಾತಪ್ಪ. ಅವನ ಭುಜ ನನ್ನದಕ್ಕೆ ತಾಗುತ್ತಿತ್ತು. ಬೆವರಿತ್ತು.

ಅಲ್ಲವ್ವ ಮುರಿಯದ ಕೈಯಿಂದ ನನ್ನ ಹಣೆಗೆ ಭಂಡಾರ ಹಚ್ಚಿದಳು. ಆಮೇಲೆ ಅವನಿಗೆ. ಅವನ ಹಣೆಯ ಹತ್ತಿರ ಕೈ ನಡುಗತೊಡಗಿತು. "ಅವ್ವ ಬಂದ್ಲು! ಅವ್ವ ಬಂದ್ಲು!" ಎಂದು ಜನ ಎದ್ದು ನಿಂತರು.

ಸಾತಪ್ಪ ತಲೆ ಎತ್ತಿದ. ನಡುಗುವ ಆ ಕೈಯನ್ನೇ ನೋಡಿದ, ಬಹಳ ಹೊತ್ತು. ಅದು ದೇವಿಯಲ್ಲ, ಅವನಿಗೆ ಹೆದರಿದ ನಡುಕ ಎಂದು ನಾನು ಬಲ್ಲೆ; ಅವನಿಗೂ ಗೊತ್ತಾಯಿತೋ, ಇಲ್ಲ ಅವನು ನಿಜಕ್ಕೂ ನಂಬಿದನೋ...